ದೊಡ್ಡೋಳನ್ನು ಆರಿಸಿದ ಮಧ್ಯಾಹ್ನ

“ಇವಳಿಗೆ ಈಗೇನಾಯ್ತಪ್ಪಾ?”

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕೇಳಿದ್ದು ಗೋಡೆಯನ್ನೂ ಅಲ್ಲ, ದೇವರನ್ನೂ ಅಲ್ಲ. ಬಾಯಿಗೆ ಬಂದದ್ದು ಹೊರಬಿದ್ದಿತ್ತು, ಅಷ್ಟೆ. ಬೆಳಗಿನಿಂದ ಪರದೆಯ ಮೇಲೆ ಹಸಿರಾಗಿ ಕೂತಿದ್ದ ಮೂರು ಚುಕ್ಕೆಗಳಲ್ಲಿ ಮೊದಲನೆಯದು ಊಟದ ಹೊತ್ತು ಕಳೆಯುತ್ತಲೇ ಹಳದಿಗೆ ತಿರುಗಿತ್ತು.

ಕೇಳಿದವಳನ್ನು ಎಲ್ಲರೂ ಕಂಡಕ್ಟ್ರಮ್ಮ ಎನ್ನುತ್ತಿದ್ದರು. ಬಸ್ಸಿಗೂ ಅವಳಿಗೂ ಯಾವ ಸಂಬಂಧವೂ ಇಲ್ಲ. ಅವಳು ಕೆಲಸಕ್ಕಿದ್ದ ಧ್ವನಿ ಭಂಡಾರದಲ್ಲಿ ಅವಳ ಕೋಣೆಯ ಬಾಗಿಲಿಗೆ ‘ಗಣಕ ನಿರ್ವಾಹಕಿ’ ಎಂಬ ಫಲಕ ಹೊಡೆದ ದಿನ ಯಾರೋ ಬಂದು, “ನಿರ್ವಾಹಕಿ ಅಂದ್ರೆ ಕಂಡಕ್ಟ್ರು ತಾನೆ? ಎರಡು ಟಿಕೆಟ್ ಹರೀಮ್ಮಾ” ಎಂದು ಕೈ ಚಾಚಿದ್ದರು. ಅಂದಿನಿಂದ ಆ ಹೆಸರು ಗಟ್ಟಿಯಾಯಿತು. ಹೆತ್ತವರು ಇಟ್ಟದ್ದು ಸಂಬಳದ ಚೀಟಿಯ ಪಾಲಾಯಿತು.

ಭಂಡಾರದ ಕೆಲಸವೆಂದರೆ ಬಾಯಲ್ಲಷ್ಟೇ ಉಳಿದಿರುವ ಪದ್ಯ, ಕಥೆ, ಜೋಗುಳಗಳನ್ನು ಹೇಳಬಲ್ಲವರನ್ನು ಕರೆತಂದು, ಹೇಳಿಸಿ, ಉಳಿಸಿಡುವುದು. ಹಿಂದೆ ಅವೆಲ್ಲ ಬೀರುಗಟ್ಟಲೆ ಟೇಪುಗಳಲ್ಲಿದ್ದವು. ಈಗ ನೆಲಮಾಳಿಗೆಯ ತಂಪು ಕೋಣೆಯಲ್ಲಿ ನಿಂತ ಮೂರು ಸರ್ವರುಗಳಲ್ಲಿವೆ. ಒಂದೊಂದು ಸರ್ವರೂ ಒಂದೊಂದು ವಠಾರವಿದ್ದ ಹಾಗೆ. ಕಬ್ಬಿಣದ ಮೈ ಒಂದೇ, ಒಳಗೆ ಹತ್ತಾರು ಸಂಸಾರ. ಒಂದು ಸಂಸಾರ ದನಿ ಹಿಡಿಯುತ್ತದೆ, ಇನ್ನೊಂದು ಹಾಜರಿ ಬರೆಯುತ್ತದೆ, ಮತ್ತೊಂದು ನಿರ್ದೇಶಕರ ಮೇಲ್ ಕಾಯುತ್ತದೆ. ವಠಾರಕ್ಕೆ ನೋಡ್ ಎಂದೂ ಸಂಸಾರಕ್ಕೆ ವರ್ಚುವಲ್ ಮಷೀನ್ ಎಂದೂ ಹೆಸರು. ಎರಡು ಮಹಡಿ ಮೇಲೆ ಕೂತು, ಕನ್ಸೋಲ್ ಎನ್ನುವ ಒಂದೇ ಪರದೆಯಿಂದ ಆ ಮೂರು ವಠಾರಗಳ ಯೋಗಕ್ಷೇಮ ನೋಡಿಕೊಳ್ಳುವವಳು ಕಂಡಕ್ಟ್ರಮ್ಮ.

ಕನ್ಸೋಲಿನಲ್ಲಿ ಅವು ಒಂದು, ಎರಡು, ಮೂರು. ಆದರೆ ಕಚೇರಿಯಲ್ಲಿ ಯಾರೂ ಹಾಗೆ ಕರೆಯುತ್ತಿರಲಿಲ್ಲ. ದೊಡ್ಡೋಳು, ನಡುವಿನೋಳು, ಚಿಕ್ಕೋಳು ಎಂದೇ ರೂಢಿ. “ದೊಡ್ಡೋಳು ಇವತ್ತು ಮುನಿಸಿಕೊಂಡಿದಾಳೆ ಕಣ್ರೀ” ಎಂದರೆ ಜವಾನನಿಗೂ ಅರ್ಥವಾಗುತ್ತಿತ್ತು. ದೊಡ್ಡೋಳು ಮೊದಲು ಬಂದವಳು. ಮೈಯಲ್ಲಿ ಮಾತ್ರ ತೆಳ್ಳಗೆ, ಒಣಕಲು. ಚಿಕ್ಕೋಳು ಕೊನೆಗೆ ಬಂದವಳಾದರೂ ದಷ್ಟಪುಷ್ಟ. ಇಬ್ಬರು ಕೂರುವ ಜಾಗದಲ್ಲಿ ಒಬ್ಬಳೇ ಕೂತವಳು, ಅಕ್ಕಂದಿರಿಬ್ಬರ ಭಾರವನ್ನೂ ಹೊರಬಲ್ಲವಳು. ಹುಟ್ಟಿದ ವರಸೆಯಲ್ಲಿ ಕರೆಯುವ ಮನೆಗಳಲ್ಲಿ ಬೆಳೆದವರಿಗೆ ಇದರಲ್ಲಿ ಗೊಂದಲವೇನೂ ಕಂಡಿರಲಿಲ್ಲ.

ಕಂಡಕ್ಟ್ರಮ್ಮ ಹಳದಿ ಚುಕ್ಕೆಯ ಮೇಲೆ ಒತ್ತಿದಳು. ದೊಡ್ಡೋಳ ವಿವರಗಳ ಪುಟ ತೆರೆಯಿತು. ಮೆಮೊರಿ ಸರಿ, ಡಿಸ್ಕ್ ಸರಿ. ಉಷ್ಣತೆಯ ಗೆರೆ ಮಾತ್ರ ಏಣಿ ಹತ್ತುವವನ ಹಾಗೆ ನೆಟ್ಟಗೆ ಮೇಲೇರುತ್ತಿತ್ತು. ಎರಡು ಫ್ಯಾನುಗಳಲ್ಲಿ ಒಂದು ತಿರುಗುತ್ತಿಲ್ಲ. ಪುಟದ ಕೆಳಗೆ ಅವಳಲ್ಲಿ ವಾಸವಿರುವ ಸಂಸಾರಗಳ ಪಟ್ಟಿ ಇತ್ತು. ಅದನ್ನು ಓದುತ್ತ ಬಂದು ಕಡೆಯ ಸಾಲಿನಲ್ಲಿ ನಿಂತಳು. ದನಿ ಹಿಡಿಯುವ ಸಂಸಾರ, ಎಂದರೆ ರೆಕಾರ್ಡಿಂಗಿನ ಯಂತ್ರ, ಇವತ್ತು ದೊಡ್ಡೋಳ ಮೇಲೇ ಇತ್ತು.

ಅದೇ ಗಳಿಗೆಯಲ್ಲಿ, ಅದೇ ಮಹಡಿಯ ಇನ್ನೊಂದು ತುದಿಯ ಸ್ಟುಡಿಯೋದಲ್ಲಿ, ಅವಳ ದೊಡ್ಡಮ್ಮ ಕಣ್ಣು ಮುಚ್ಚಿ ಕೂತು ಅಂಬಿಗಿತ್ತಿಯ ಕಥೆ ಹೇಳುತ್ತಿದ್ದಳು.

ಆ ಕಥೆಯನ್ನು ಪೂರ್ತಿ ಬಲ್ಲವರು ಈಗ ಉಳಿದಿದ್ದುದು ದೊಡ್ಡಮ್ಮ ಒಬ್ಬಳೇ. ಹಿಂದಿನ ಭಾಗಗಳು ಆಗಲೇ ಭಂಡಾರ ಸೇರಿದ್ದವು. ಉಳಿದದ್ದು ಕಡೆಯ ಭಾಗ. ಉಕ್ಕಿದ ಹೊಳೆಯ ನಡುವೆ ನೀರು ಅಂಬಿಗಿತ್ತಿಯನ್ನು ತಡೆದು, ದೋಣಿಯಲ್ಲಿರುವ ಕೂಸು ಯಾರದು, ಯಾಕೆ ದಾಟಿಸಬೇಕು ಎಂದು ಕೇಳುತ್ತದೆ. ಅವಳು ಉತ್ತರ ಕೊಡುತ್ತಾಳೆ. ಹೊಳೆ ದಾರಿ ಬಿಡುತ್ತದೆ. ಆ ಉತ್ತರವೇನೆಂದು ಕಂಡಕ್ಟ್ರಮ್ಮನಿಗೆ ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ದೊಡ್ಡಮ್ಮನ ತೊಡೆಯ ಮೇಲೆ ತಲೆಯಿಟ್ಟು ಎಷ್ಟೋ ಸಲ ಕೇಳಿದ್ದರೂ ದೋಣಿ ನಡುನೀರಿಗೆ ಬರುವ ಹೊತ್ತಿಗೆ ಅವಳಿಗೆ ನಿದ್ದೆ ಹತ್ತಿರುತ್ತಿತ್ತು. ಬರುವ ವಾರ ದೊಡ್ಡಮ್ಮನ ಗಂಟಲಿಗೆ ಶಸ್ತ್ರಚಿಕಿತ್ಸೆ. ದನಿ ಉಳಿಯುತ್ತದೆಂದು ಹೇಳಲಾರೆ ಎಂದು ವೈದ್ಯರು ಮೊದಲೇ ಕೈ ಎತ್ತಿಬಿಟ್ಟಿದ್ದರು.

ಅವಳು ಇಂಟರ್‌ಕಾಮ್ ಒತ್ತಿದಳು. ಆ ಕಡೆ ಗಾಜಿನ ಗೂಡಿನಲ್ಲಿ ಕೂತವನು ರೆಕಾರ್ಡಿಂಗಿನವನು. ಸೊಳ್ಳೆ ಸೀನಿದರೂ ಇವನಿಗೆ ಕೇಳುತ್ತದೆ ಎಂದು ಅವನನ್ನು ‘ಕಿವಿ’ ಎನ್ನುತ್ತಿದ್ದರು.

“ಕಿವೀ, ಎಲ್ಲಿಗೆ ಬಂದ್ರು?”

“ಈಗಷ್ಟೇ ದೋಣಿ ಬಿಚ್ಚಿದ್ರು. ದನಿ ಏನ್ ಬಂದಿದೆ ಅಂತೀರಿ! ಮೈ ಜುಮ್ಮನ್ನುತ್ತೆ,” ಎಂದು ಅವನು ಪಿಸುಗುಟ್ಟಿದ. ಅವನ ಹಿಂದಿನಿಂದ ಗಾಜು ದಾಟಿ ಎರಡು ಸಾಲು ತೇಲಿ ಬಂದವು:

*ಹಾಯೋಳಿಗೆ ಹೊಳೆಯೇನು, ಕಾಯೋಳಿಗೆ ಇರುಳೇನು,*
*ದಡವೇ, ನೀನ್ಯಾಕೆ ದೂರ ಸರಿದೆ?*

“ದೊಡ್ಡೋಳು ಕುದೀತಿದಾಳೆ. ನಿಮ್ಮ ಯಂತ್ರ ಅವಳ ಮೇಲೇ ಇದೆ.”

ಕಿವಿ ಅವಸರದಲ್ಲಿ ಕೇಳಿದ. “ನಿಲ್ಲಿಸಿ ಅಂತ ಹೇಳ್ಲಾ?”

“ಬೇಡ, ಬೇಡ! ನಿಲ್ಲಿಸಿದ್ರೆ ಮತ್ತೆ ಮೊದಲಿಂದ ಶುರು ಮಾಡಬೇಕು. ಅಷ್ಟು ಗಂಟಲು ಅವರಲ್ಲಿ ಉಳಿದಿಲ್ಲ. ನಾನು ಇಲ್ಲಿಂದಲೇ ಮನೆ ಬದಲಾಯಿಸ್ತೀನಿ. ನಿಮ್ಮ ಕೆಂಪು ದೀಪ ಒಂದು ಸಲ ಮಿಣುಕಬಹುದು. ಗಾಬರಿ ಬೀಳಬೇಡಿ.”

“ನಾನು ಬೀಳಲ್ಲ. ನೀವು ಬೀಳಿಸಬೇಡಿ,” ಎಂದ ಕಿವಿ.

ನೆಲಮಾಳಿಗೆಗೆ ಫೋನು ಮಾಡಿದಳು. ತಂಪು ಯಂತ್ರ ಬೆಳಿಗ್ಗೆಯಿಂದ ಗೊರಗೊರ ಎನ್ನುತ್ತಿತ್ತೆಂದು ಮೆಕ್ಯಾನಿಕ್ ಒಬ್ಬ ಬಂದು ಅದರ ಹೊಟ್ಟೆ ಬಿಚ್ಚಿ ಕೂತಿದ್ದ. ಯಾವಾಗಲೂ ಬರುವವನಿಗೆ ಮೈ ಹುಷಾರಿರಲಿಲ್ಲ. ಅವನ ಬದಲಿಗೆ ಬಂದ ಹೊಸಬ ಈತ.

“ಮೇಡಂ, ಕಂಪ್ರೆಸರ್ ಹೋಗಿದೆ,” ಎಂದ ಅವನು ನೆಂಟರ ಸುದ್ದಿ ಹೇಳುವ ನಿರಾಳದಲ್ಲಿ. “ಒಳಗೆ ಈಗ ಬಟ್ಟೆ ಹರವಿದ್ರೆ ಒಣಗುತ್ತೆ. ಮೇಲುಗಡೆ ಯಾವುದೋ ಒಂದರಿಂದ ಸುಟ್ಟ ವಾಸನೆ ಬೇರೆ.”

“ಅಲ್ಲೇ ಇರಿ. ಫೋನ್ ಇಡಬೇಡಿ.”

ಅವಳು ಕೆಲಸಕ್ಕೆ ಇಳಿದಳು. ದೊಡ್ಡೋಳನ್ನು ದುರಸ್ತಿ ಸ್ಥಿತಿಗೆ ಹಾಕಿದಳು. ಎಂದರೆ ಇನ್ನು ಆ ವಠಾರಕ್ಕೆ ಹೊಸಬರು ಬರುವಂತಿಲ್ಲ, ಇರುವವರು ಒಬ್ಬೊಬ್ಬರಾಗಿ ಹೊರಡಬೇಕು. ಸಣ್ಣ ಪುಟ್ಟ ಸಂಸಾರಗಳನ್ನೆಲ್ಲ ನಡುವಿನೋಳ ಕಡೆ ಅಟ್ಟಿದಳು. ದನಿ ಹಿಡಿಯುವ ಯಂತ್ರವನ್ನು ಕೊನೆಗೆ ಉಳಿಸಿಕೊಂಡಳು. ಅದಕ್ಕೆ ಜಾಗ ಹೆಚ್ಚು ಬೇಕು, ಚಿಕ್ಕೋಳಲ್ಲಿ ಬೇಕಾದಷ್ಟಿತ್ತು. ಊಟಕ್ಕೆ ಕೂತವರ ತಟ್ಟೆ ಅಲುಗದ ಹಾಗೆ, ತುತ್ತು ಬಾಯಿಗೆ ಹೋಗುತ್ತಿರುವಾಗಲೇ, ಇಡೀ ಮನೆಯನ್ನು ಎತ್ತಿ ಬೇರೆ ಬೀದಿಯಲ್ಲಿ ಇಡುವಂಥ ಕೆಲಸ ಅದು. ಅವಳು ಮನಸ್ಸಿನಲ್ಲೇ ಇಷ್ಟದೈವವನ್ನು ನೆನೆದು ಗುಂಡಿ ಒತ್ತಿದಳು.

ನೀಲಿ ಪಟ್ಟಿ ತುಂಬತೊಡಗಿತು. ಅರ್ಧಕ್ಕೆ ಬಂದು ನಿಂತಿತು. ಮತ್ತೆ ಸರಿಯಿತು, ಮತ್ತೆ ತಡೆಯಿತು, ಆಮೇಲೆ ಯಾರೋ ಹಿಂದಿನಿಂದ ನೂಕಿದ ಹಾಗೆ ಒಮ್ಮೆಲೇ ತುದಿ ಮುಟ್ಟಿತು.

“ಕಿವೀ?”

“ಮಿಣುಕ್ತು. ಮತ್ತೆ ಉರೀತಿದೆ. ಗೆದ್ದುಬಿಟ್ರಿ ಕಂಡಕ್ಟ್ರಮ್ಮಾ! ಈಗ ನಡುನೀರಿಗೆ ಬರ್ತಿದಾರೆ.”

ಅವಳು ದೊಡ್ಡೋಳ ಪುಟವನ್ನು ಮತ್ತೆ ತೆರೆದಳು. ಸಂಸಾರಗಳ ಪಟ್ಟಿ ಬರಿದಾಗಿತ್ತು. ಉಷ್ಣತೆಯ ಗೆರೆ ಈಗ ಕೆಂಪು. ಆರಿಸುವ ಆಜ್ಞೆ ಕೊಟ್ಟಳು. ಪುಟದಲ್ಲಿ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ದೊಡ್ಡೋಳು ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಹಾಗೇ ಬಿಟ್ಟರೆ ಅವಳ ಕಾವು ಪಕ್ಕದವರಿಗೂ ತಾಗುತ್ತದೆ. ಕೈಯಿಂದಲೇ ಆರಿಸಬೇಕು.

“ಹಲೋ, ಇದೀರಾ? ಒಂದು ಯಂತ್ರ ಆಫ್ ಮಾಡಬೇಕು. ಮುಂದುಗಡೆ ಬಟನ್ ಇದೆ ನೋಡಿ.”

“ಇಲ್ಲಿ ಮೂರಿದಾವೆ ಮೇಡಂ. ಯಾವುದು?”

“ದೊಡ್ಡೋಳು.”

“ದೊಡ್ಡೋಳಾ?”

“ಹ್ಞೂಂ ರೀ, ದೊಡ್ಡೋಳು! ಒತ್ತಿ ಹಿಡ್ಕೊಳ್ಳಿ. ದೀಪ ಹೋಗೋವರೆಗೂ ಕೈ ತೆಗೀಬೇಡಿ.”

ಅವನು ನಕ್ಕ. “ಇವಕ್ಕೂ ಹೆಣ್ಣುಮಕ್ಕಳ ಲೆಕ್ಕವಾ? ಸರಿ. ಮಲಗಮ್ಮಾ ದೊಡ್ಡ ತಾಯೀ, ಮಲಗು.”

ಕಂಡಕ್ಟ್ರಮ್ಮ ಪರದೆಯ ಮೇಲೆ ಕಣ್ಣು ನೆಟ್ಟಳು. ದೊಡ್ಡೋಳು ಹಾಗೇ ಇದ್ದಳು. ಒಂದು ಫ್ಯಾನು ತಿರುಗುತ್ತಿತ್ತು, ಗೆರೆ ಏರುತ್ತಿತ್ತು. ಪುಟ ತಡವಾಗಿ ಹೊಸತಾಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

“ಒತ್ತಿದ್ರಾ?”

“ಒತ್ತಿ ಹಿಡಿದಿದ್ದೀನಿ ಮೇಡಂ. ಒಳ್ಳೇ ಮೈ ಇದೆ ಇದಕ್ಕೆ. ಕೆಳಗಡೆ ಇಬ್ಬರ ಜಾಗ ಒಂದೇ ತಗೊಂಡು ಕೂತಿದೆಯಲ್ಲ!”

ಒಂದು ಕ್ಷಣ ಅವಳಿಗೆ ಆ ಮಾತು ಬರಿಯ ಸದ್ದಾಗಿ ಕೇಳಿಸಿತು. ಮರುಕ್ಷಣ ಅದರ ಅರ್ಥ ನೆತ್ತಿಯಿಂದ ಅಂಗಾಲಿಗೆ ಇಳಿಯಿತು.

“ಬಿಡಿ! ಅದಲ್ಲ, ಕೈ ಬಿಡಿ, ಕೈ ತೆಗೀರಿ!”

“ದೀಪ ಹೋಯ್ತು ಮೇಡಂ,” ಎಂದ ಅವನು, ಹೇಳಿದ ಕೆಲಸ ಮಾಡಿ ಮುಗಿಸಿದವನ ಖುಷಿಯಲ್ಲಿ.

ಪರದೆಯಲ್ಲಿ ಮೂರನೆಯ ಚುಕ್ಕೆ ಬೂದಿ ಬಣ್ಣಕ್ಕೆ ಇಳಿಯಿತು. ಇಂಟರ್‌ಕಾಮಿನಿಂದ ಕಿವಿಯ ದನಿ ಬಂತು. ಅವನು ಪಿಸುಗುಟ್ಟುವುದನ್ನೂ ಮರೆತಿದ್ದ. “ಕೆಂಪು ದೀಪ ಇಲ್ಲ. ಕಂಡಕ್ಟ್ರಮ್ಮಾ, ದೀಪ ಇಲ್ಲ!”

“ಅವರು?”

“ಹೇಳ್ತಾನೇ ಇದಾರೆ. ಕಣ್ಣೇ ತೆಗೆದಿಲ್ಲ. ಹೊಳೆ ಕೇಳ್ತಾ ಇದೆ ಅವಳನ್ನ, ಕೂಸು ಯಾರದು ಅಂತ. ನಿಲ್ಲಿಸ್ಲಾ? ಹೇಳಿ ಬೇಗ, ನಿಲ್ಲಿಸ್ಲಾ?”

ನಿಲ್ಲಿಸಿದರೆ ಇಡೀ ಮಧ್ಯಾಹ್ನದ ಗಂಟಲು ಮಣ್ಣುಪಾಲು. ನಿಲ್ಲಿಸದಿದ್ದರೆ ಹೇಳುತ್ತಿರುವುದು ಗಾಳಿಪಾಲು. ಮೊಬೈಲಿನಲ್ಲಾದರೂ ಹಿಡಿಯೋಣವೆಂದರೆ ಸ್ಟುಡಿಯೋದ ಕಡೆ ಅದನ್ನು ಒಯ್ಯುವಂತಿಲ್ಲ. ಕಿವಿಯದು ಕೆಳಗೆ ಕಾವಲುಗಾರನ ಪೆಟ್ಟಿಗೆಯಲ್ಲಿತ್ತು.

“ನಿಲ್ಲಿಸಬೇಡಿ. ತರ್ತೀನಿ ಯಂತ್ರಾನ. ಈಗಲೇ ತರ್ತೀನಿ.”

ಒಂದು ವಠಾರ ಸತ್ತರೆ ಅಲ್ಲಿದ್ದ ಸಂಸಾರಗಳನ್ನು ಕನ್ಸೋಲು ತಾನಾಗಿಯೇ ಬೇರೆ ಕಡೆ ಎಬ್ಬಿಸಲು ನೋಡುತ್ತದೆ. ನೋಡುತ್ತಿತ್ತು ಕೂಡ. ದನಿ ಹಿಡಿಯುವ ಯಂತ್ರದ ಹೆಸರಿನ ಮುಂದೆ ‘ಕಾಯುತ್ತಿದೆ’ ಎಂದು ಬಂತು. ಎರಡನೆಯ ನೋಡಿನ ಪುಟ ತೆರೆದಳು. ನಡುವಿನೋಳ ಮೆಮೊರಿ ಕಂಠಪೂರ್ತಿ ತುಂಬಿತ್ತು. ಅವಳೇ ಈಗಷ್ಟೇ ದೊಡ್ಡೋಳ ಸಂಸಾರಗಳನ್ನೆಲ್ಲ ಅಲ್ಲಿಗೆ ತುರುಕಿದ್ದಳು. ದೊಡ್ಡೋಳ ಬಾಗಿಲು ಮುಚ್ಚಿದೆ, ಚಿಕ್ಕೋಳಿಗೆ ಜೀವವಿಲ್ಲ. ಜಾಗ ಮಾಡಬೇಕೆಂದರೆ ಯಾರನ್ನಾದರೂ ಹೊರಹಾಕಲೇಬೇಕು.

ಹಾಜರಿಯ ಸಂಸಾರವನ್ನು ಆರಿಸಿದಳು. ಸಾಲಲಿಲ್ಲ. ಪುಸ್ತಕ ಸೂಚಿಯನ್ನು ಆರಿಸಿದಳು. ಇನ್ನೂ ಸಾಲಲಿಲ್ಲ. ನಿರ್ದೇಶಕರ ಮೇಲ್ ಉಳಿದಿತ್ತು. ಅದನ್ನೂ ಆರಿಸಿದಳು. ‘ಖಚಿತವೇ?’ ಎಂದು ಕನ್ಸೋಲು ಕೇಳಿತು. ಹೌದೆಂದಳು. ‘ಬಳಕೆದಾರರು ಒಳಗಿದ್ದಾರೆ, ನಿಜಕ್ಕೂ ಖಚಿತವೇ?’ ಎಂದು ಮತ್ತೆ ಕೇಳಿತು.

“ಅಯ್ಯೋ ಹೌದು ಮಾರಾಯಾ!” ಎಂದು ಚೀರಿದಳು.

“ನಾನೇನ್ ಮಾಡಿದೆ ಮೇಡಂ?” ಎಂದಿತು ನೆಲಮಾಳಿಗೆಯ ಫೋನು.

“ನಿಮಗಲ್ಲ! ನೀವು ಮೇಲಿರೋ ತೆಳ್ಳಗಿರೋಳನ್ನ ಆಫ್ ಮಾಡಿ. ಅವಳೇ ದೊಡ್ಡೋಳು.”

“ತೆಳ್ಳಗಿರೋಳು ದೊಡ್ಡೋಳು ಹೇಗಾಗ್ತಾಳೆ?”

“ಮೊದಲು ಹುಟ್ಟಿದ್ದು ಅವಳು ಕಣ್ರೀ!”

“ಅದನ್ನ ಮುಖ ನೋಡಿ ನಾನು ಹೇಗೆ ಹೇಳ್ಲಿ ಮೇಡಂ?” ಎಂದ ಅವನು ಸಣ್ಣ ದನಿಯಲ್ಲಿ. ಮೊದಲನೆಯ ಚುಕ್ಕೆಯೂ ಬೂದಿಯಾಯಿತು.

ನಿರ್ದೇಶಕರು ಮೇಜಿನ ಇನ್ನೊಂದು ಫೋನಿಗೆ ಕರೆ ಮಾಡಿದರು. “ಏನ್ರೀ, ಬರೀತಿದ್ದ ಮೇಲ್ ಕಣ್ಣೆದುರೇ ಮಾಯ ಆಯ್ತು!” ಅವಳು ಉತ್ತರ ಹೇಳದೆ ಫೋನು ಮಗುಚಿಟ್ಟಳು. ಜೀವನದಲ್ಲಿ ಮೊದಲ ಬಾರಿ ಹಾಗೆ ಮಾಡಿದ್ದಳು.

ನಡುವಿನೋಳ ಪುಟದಲ್ಲಿ ಹೊಸ ಹೆಸರು ಮೂಡಿತು. ‘ಕಾಯುತ್ತಿದೆ’ ಹೋಗಿ ‘ಏಳುತ್ತಿದೆ’ ಎಂದಾಯಿತು. ಕಪ್ಪು ಕಿಟಕಿಯೊಂದರಲ್ಲಿ ಬಿಳಿ ಅಕ್ಷರಗಳು ಇರುವೆ ಸಾಲಿನಂತೆ ಹರಿದವು. ತೆರೆದೇ ಇದ್ದ ಇಂಟರ್‌ಕಾಮಿನಲ್ಲಿ, ಕಿವಿಯ ಉಸಿರಾಟದ ಆಚೆ, ದೊಡ್ಡಮ್ಮನ ದನಿ ಏರಿಳಿಯುತ್ತಿತ್ತು. ಅದು ತಗ್ಗಿನಿಂದ ಎದ್ದು, ನಿಂತು, ಬೇಡಿಕೊಳ್ಳದೆ, ಬೆದರದೆ ಏನನ್ನೋ ಹೇಳಿತು. ಕಂಡಕ್ಟ್ರಮ್ಮನ ಕಿವಿಗೆ ದನಿ ಬಿತ್ತು, ಮಾತು ಬೀಳಲಿಲ್ಲ. ಅವಳು ಬಿಳಿ ಅಕ್ಷರಗಳನ್ನು ಓದುತ್ತಿದ್ದಳು.

“ಬಂತು!” ಎಂದಳು. “ಕಿವೀ, ಒತ್ತಿ, ಕೆಂಪು ಗುಂಡಿ ಒತ್ತಿ!”

“ಒತ್ತಿದೆ. ಉರೀತಿದೆ.”

“ಅವರು ಎಲ್ಲಿದ್ದಾರೆ?”

ಕಿವಿ ತಡೆದು ಹೇಳಿದ. “ದಡ ಹತ್ತಿದ್ರು.”

ಅವಳು ಸ್ಟುಡಿಯೋಗೆ ಓಡಿ ಬರುವ ಹೊತ್ತಿಗೆ ದೊಡ್ಡಮ್ಮ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಕೈಯಲ್ಲಿ ಬಿಸಿನೀರಿನ ಲೋಟ. ಮುಖದಲ್ಲಿ, ಬೆಟ್ಟದಷ್ಟು ಕೆಲಸ ಮಾಡಿ ಕೈ ತೊಳೆದು ಬಂದವರ ಕಳೆ. ಕಿವಿ ಗೋಡೆಗೆ ಒರಗಿ ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದ. ನಿರ್ದೇಶಕರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಮೇಲ್ ಮಾಯವಾದ ಸಿಟ್ಟು ಅವರ ಹುಬ್ಬಿನಲ್ಲಿ ಇನ್ನೂ ಕೂತಿತ್ತು. ಕಿವಿ ಅವರ ಬಳಿ ಹೋಗಿ ಎರಡು ಮಾತು ಹೇಳಿದ ಮೇಲೆ ಅದು ಇಳಿದುಹೋಯಿತು.

“ಬಾ ಪುಟ್ಟೀ,” ಎಂದಳು ದೊಡ್ಡಮ್ಮ. ದನಿ ಹರಿದು, ಒರಟು ಕಲ್ಲಿನ ಮೇಲೆ ಎಳೆದ ಹಾಗಿತ್ತು. “ಇವತ್ತು ನಮ್ಮಮ್ಮ ಬಂದು ನಾಲಿಗೆ ಮೇಲೆ ಕೂತಿದ್ಲು ಅನ್ಸುತ್ತೆ. ಎಲ್ಲೂ ತಡವರಿಸ್ಲಿಲ್ಲ. ಕೇಳಿದ್ಯಾ?”

ಕಂಡಕ್ಟ್ರಮ್ಮ ಅವಳ ಮುಂದೆ ನೆಲದ ಮೇಲೆ ಕೂತಳು. ಸುತ್ತಿ ಬಳಸಿ ಹೇಳಲು ಬರಲಿಲ್ಲ. “ದೊಡ್ಡಮ್ಮಾ, ನಡುವೆ ಸ್ವಲ್ಪ ಹೋಯ್ತು.”

“ಹೋಯ್ತು ಅಂದ್ರೆ?”

“ಯಂತ್ರ ಆರಿಹೋಯ್ತು. ನನ್ನ ಬಾಯಿಂದಲೇ ಆದ ತಪ್ಪು. ದೊಡ್ಡದನ್ನ ಆರಿಸಿ ಅಂದೆ, ಅವನು ದೊಡ್ಡದನ್ನೇ ಆರಿಸಿದ.”

“ಯಾವ ಜಾಗ?”

ಉತ್ತರ ಕೊಟ್ಟದ್ದು ಕಿವಿ. “ಹೊಳೆ ಕೇಳೋದು ಅರ್ಧ ಇದೆ ಅಮ್ಮಾ. ಆಮೇಲೆ ಒಂದೇ ಸಲ ದಡ. ಅಂಬಿಗಿತ್ತಿ ಹೇಳಿದ್ದು... ಅದು ಇಲ್ಲ.”

ದೊಡ್ಡಮ್ಮ ಲೋಟವನ್ನು ಬೆಂಚಿನ ಮೇಲಿಟ್ಟಳು. ನಿರ್ದೇಶಕರು ಎರಡೂ ಕೈ ಜೋಡಿಸಿದರು. “ಅಮ್ಮಾ, ಅಷ್ಟು ಭಾಗ ಮಾತ್ರ ಇನ್ನೊಂದು ಸಲ ಹೇಳಿಬಿಡಿ. ನಾಲ್ಕೇ ಸಾಲಾದರೂ ಸರಿ. ಹಿಂದೆ ಮುಂದೆ ನಾವು ಹೊಲ್ಕೊಳ್ತೀವಿ, ಗಂಟು ಕಾಣಿಸಲ್ಲ.”

“ನಡುನೀರಲ್ಲಿ ದೋಣಿ ಹತ್ತೋಕಾಗುತ್ತೇನಪ್ಪಾ?”

“ನಾಳೆ ಬೇಕಾದ್ರೂ ಸರಿ. ಕಾರು ಕಳಿಸ್ತೀನಿ. ವಿಶ್ರಾಂತಿ ತಗೊಂಡು...”

ದೊಡ್ಡಮ್ಮ ಅವರ ಮಾತನ್ನು ಕೈಯಿಂದಲೇ ತಡೆದಳು. ಒಬ್ಬೊಬ್ಬರ ಮುಖವನ್ನೂ ನೋಡಿದಳು. “ಇಷ್ಟು ಜನ ಇದ್ರಿ ಈ ಕಟ್ಟಡದಲ್ಲಿ. ಯಂತ್ರ ಆರಿತು, ಬಿಡಿ. ನಿಮ್ಮಲ್ಲಿ ಯಾರಾದ್ರೂ ಒಬ್ಬರು ಕೇಳ್ತಾ ಇದ್ರಾ?”

ಕಿವಿ ತಲೆ ಎತ್ತಿದ. “ನಾನು ಎದುರಿಗೇ ಇದ್ದೆ ಅಮ್ಮಾ,” ಎಂದ. “ದೀಪ ನೋಡ್ತಾ ಇದ್ದೆ.”

ನಿರ್ದೇಶಕರು ಬೇರೆ ಕಡೆ ನೋಡಿದರು. ಕಂಡಕ್ಟ್ರಮ್ಮನಿಗೆ ಇಂಟರ್‌ಕಾಮಿನಲ್ಲಿ ಏರಿ ನಿಂತ ಆ ದನಿ ಇನ್ನೂ ಕಿವಿಯಲ್ಲಿತ್ತು. ಅದರ ಎತ್ತರ ಗೊತ್ತಿತ್ತು, ಬಾಗು ಗೊತ್ತಿತ್ತು, ಎಲ್ಲಿ ಉಸಿರು ತೆಗೆದುಕೊಂಡಿತೆಂದೂ ಗೊತ್ತಿತ್ತು. ಒಂದೇ ಒಂದು ಮಾತಾದರೂ ಸಿಕ್ಕೀತೆಂದು ಒಳಗೆಲ್ಲ ತಡಕಾಡಿದಳು. ಸಿಗಲಿಲ್ಲ.

ಅವಳು ದೊಡ್ಡಮ್ಮನ ಮಂಡಿ ಹಿಡಿದುಕೊಂಡಳು.

“ರೆಕಾರ್ಡು ಹಾಳಾಗಿ ಹೋಗ್ಲಿ. ದೀಪ ಬೇಡ, ಮೈಕು ಬೇಡ. ಇಲ್ಲೇ ಕೂತಿದ್ದೀನಿ ನೋಡು. ನನಗೊಬ್ಬಳಿಗೆ ಹೇಳು ದೊಡ್ಡಮ್ಮಾ. ಅವಳು ಹೊಳೆಗೆ ಏನಂದ್ಲು? ನಿದ್ದೆ ಮಾಡಲ್ಲ, ಕಣ್ಣು ಮಿಟುಕಿಸಲ್ಲ. ಹಾಡಬೇಡ, ಬರೀ ಮಾತಲ್ಲಿ ಹೇಳು. ಸಾಕು.”

ದೊಡ್ಡಮ್ಮ ಅವಳ ಕೈಗಳನ್ನು ತನ್ನ ಮಂಡಿಯಿಂದ ಮೆಲ್ಲಗೆ ಬಿಡಿಸಿ, ಅವಳದೇ ಮಡಿಲಿನಲ್ಲಿಟ್ಟಳು. ಬೆಂಚಿನ ಅಂಚು ಹಿಡಿದು ಎದ್ದು ನಿಂತಳು.

“ಹೊಳೆ ದಾಟೋವಾಗ ಕೇಳ್ಬೇಕಿತ್ತು ಪುಟ್ಟೀ. ಹೇಳಲ್ಲ,” ಎಂದಳು.